ಹಗೇವಿನಲ್ಲಿಟ್ಟ ಎರೆಭೂತ

ಜಕ್ಕಲಿಯ ಗುರುಸಂಗಪ್ಪನವರು ರೀಲಿನ ಡಬ್ಬಿ ತೆರೆದರೆ ಮೊದಲು ನೋಡುವುದಿಲ್ಲ, ಮೂಸುತ್ತಾರೆ. ಹುಳಿ ನಾತ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದೇ ಲೆಕ್ಕ. ಆಮೇಲೆ ಎರಡು ಮೊಳ ಬಿಚ್ಚಿ, ಬೆಳಕಿಗೆ ಹಿಡಿದು, ಅಂಚಿನ ತೂತುಗಳನ್ನು ಯಂತ್ರದ ಹಲ್ಲುಗಾಲಿಗೆ ಕೂರಿಸಿ ನೋಡುತ್ತಾರೆ. ಕೂತರೆ ಡಬ್ಬಿಗೆ ಬಿಳಿ ಸೀಮೆಸುಣ್ಣದ ಗೀಟು, ಕೂರದಿದ್ದರೆ ಕೆಂಪು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಈ ಕೆಲಸವನ್ನು ಅವರು ತಾವಾಗಿಯೇ ಕೇಳಿ ಪಡೆದಿದ್ದಾರೆ. ಮೂರು ತಿಂಗಳಿಂದ ವಾರಕ್ಕೆ ನಾಲ್ಕು ದಿನ ನರೇಗಲ್ ಮೇಲೆ ಹಾಯುವ ಬಸ್ಸು ಹಿಡಿದು ಗಜೇಂದ್ರಗಡದ ಚಿಗರಿ ಬಳಗಕ್ಕೆ ಬರುತ್ತಾರೆ. ಪಗಾರವಿಲ್ಲ. ಚಹಾ ಸಿಗುತ್ತದೆ, ಅದೂ ಇಲ್ಲಿಯವರಿಗೆ ನೆನಪಾದರೆ.

ಸಂಜೆ ಮನೆ ಮುಟ್ಟಿದರೆ ಹೆಂಡತಿ ಸಿದ್ದಲಿಂಗವ್ವ ಬಾಗಿಲಲ್ಲೇ ತಡೆಯುತ್ತಾರೆ.

"ಅಂಗಿ ಹೊರಗ ತಗದಿಟ್ಟು ಬರ್ರಿ. ಉಪ್ಪಿನಕಾಯಿ ಭರಣಿ ನಡಕೋಂತ ಬಂದಂಗ ಆಗೇತಿ."

"ಇನ್ನೇನ್ ಮುಗೀಲಿಕ್ಕ ಬಂತ."

"ಏನ್ ಮುಗೀಲಿಕ್ಕ ಬಂತ್ರಿ, ಕೆಲಸಾನೋ ನೀವೋ?"

ಗುರುಸಂಗಪ್ಪ ಕೈಕಾಲು ತೊಳೆದು, ರೊಟ್ಟಿ ಮುರಿದು, ಅರ್ಧಕ್ಕೇ ಏಳುತ್ತಾರೆ.

ಚಿಗರಿ ಬಳಗ ಎಂಬುದು ಗಜೇಂದ್ರಗಡದ ಗೋಪಾಲಕೃಷ್ಣ ಡಾಕ್ಟರು ಕಟ್ಟಿದ ಸಣ್ಣ ಸೇವಾಸಂಸ್ಥೆ. ವಾರವೆಲ್ಲ ದವಾಖಾನೆ, ರಜೆ ಬಂತೆಂದರೆ ಕ್ಯಾಮೆರಾ. ಚಿಗರಿ, ತೋಳ, ನರಿ, ಕೌಜುಗ, ಹೀಗೆ ಈ ಸೀಮೆಯಲ್ಲಿ ಓಡುವ ಹಾರುವ ಎಲ್ಲದರ ಚಿತ್ರ ತೆಗೆದು ಶಾಲೆ ಶಾಲೆಗೆ ಒಯ್ದು ತೋರಿಸುತ್ತಿದ್ದರು. ಪರದೆ ಕಟ್ಟಿ ಯಂತ್ರ ತಿರುಗಿಸುವವರು ಗುರುಸಂಗಪ್ಪ. ಶಾಲೆಯಲ್ಲಿದ್ದಾಗ ನಾನು ಜೀವನದಲ್ಲಿ ಮೊದಲ ತೋಳ ನೋಡಿದ್ದು ಅವರ ಪರದೆಯ ಮೇಲೆ. ಹೆದರಿ, ಪಕ್ಕದಲ್ಲಿ ಕೂತಿದ್ದ ಡಾಕ್ಟರ ಅಣ್ಣನ ಮಗಳು ನಮ್ರತಾಳ ಜಡೆ ಹಿಡಿದಿದ್ದೆ. ಆ ನಮ್ರತಾಳೇ ಈಗ ಬಳಗವನ್ನು ನೋಡಿಕೊಳ್ಳುತ್ತಾಳೆ. ಈ ಸಂಗತಿಯನ್ನು ನನಗೆ ಹೇಳಿದವಳೂ ಅವಳೇ.

ಎಲ್ಲ ರೀಲುಗಳಿಗಿಂತ ಹೆಚ್ಚು ಬೆಲೆಯದು ಎರೆಭೂತದ್ದು. ಒಂದು ಕಾಲಕ್ಕೆ ಎರೆಹೊಲಗಳಲ್ಲಿ ಗತ್ತಿನಿಂದ ನಡೆಯುತ್ತಿದ್ದ, ಸೊಂಟದೆತ್ತರದ ಹಕ್ಕಿ. ಈಗ ನಮ್ಮ ಕಡೆ ಅದನ್ನು ಕಂಡವರಿಲ್ಲ. ಪುರ್ತಗೇರಿಯ ಹೊಲದಲ್ಲಿ ಜೋಳದ ಕಣಿಕೆಯ ಮರೆ ಕಟ್ಟಿಕೊಂಡು, ಹತ್ತೊಂಬತ್ತು ದಿನ ಡಾಕ್ಟರು ಮತ್ತು ಗುರುಸಂಗಪ್ಪ ಬೋರಲು ಮಲಗಿ ಹಿಡಿದದ್ದು ಬರೀ ನಾಲ್ಕು ನಿಮಿಷ.

ಮುಂದೊಂದು ಮಳೆಗಾಲದಲ್ಲಿ ಬಳಗದ ಕೋಣೆ ಸೋರಿತು. ಇನ್ನೂರಾ ಹನ್ನೆರಡು ಡಬ್ಬಿ ಎಲ್ಲಿಡುವುದೆಂದು ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತಾಗ ಹಾದಿ ತೋರಿಸಿದವರು ಗುರುಸಂಗಪ್ಪ. ಜಕ್ಕಲಿಯ ಅವರ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಪಾಡುವ ಗುಂಡಿ.

"ಗಾಳಿ ಆಡಬೇಕಲ್ಲೋ ಗುರುಸಂಗಪ್ಪಾ?" ಎಂದು ಡಾಕ್ಟರು ಅನುಮಾನಿಸಿದರು.

"ಗಾಳಿ ಆಡಿದ್ರ ಹುಳಾ ಬೀಳ್ತಾವ್ರಿ. ಹತ್ತು ವರ್ಷ ಇಟ್ರೂ ಜ್ವಾಳಾ ಕೆಡಂಗಿಲ್ಲ, ರೀಲ್ ಹ್ಯಾಂಗ ಕೆಡ್ತಾವು?"

ನಮ್ಮ ಸೀಮೆಯ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಜೋಳಕ್ಕೇನೋ ಸರಿ. ಫಿಲ್ಮು ಬಿಡುವ ಹುಳಿ ಗಾಳಿ ಹೊರಗೆ ಹೋಗದಿದ್ದರೆ ತಿರುಗಿ ಫಿಲ್ಮನ್ನೇ ತಿನ್ನುತ್ತದೆ. ಹನ್ನೊಂದು ವರ್ಷದ ಮೇಲೆ ಕಲ್ಲು ಸರಿಸಿದಾಗ ಎದ್ದ ನಾತಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು. ಡಾಕ್ಟರು ಡಬ್ಬಿಗಳನ್ನು ಗಜೇಂದ್ರಗಡಕ್ಕೆ ಸಾಗಿಸಿ, "ಯಾರ ಮುಂದೂ ಅನಬ್ಯಾಡ. ಕೇಳಿದ್ರ, ಇಡು ಅಂದಾವ್ರು ಡಾಕ್ಟರು ಅಂತ ಹೇಳು," ಎಂದರು. ಅದೇ ವರ್ಷ ತೀರಿಕೊಂಡರು. ಗುರುಸಂಗಪ್ಪ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡೇ ಇದ್ದರು.

ಈಗ ಬೆಂಗಳೂರಿನವರು ಯಾರೋ, ಓಡಬಲ್ಲ ರೀಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇವೆ, ಉಳಿದವು ಏಕೆ ಕೆಟ್ಟವೆಂದು ಬರೆದು ಕಳಿಸಿ ಎಂದಿದ್ದಾರೆ. ಕೆಂಪು ಗೀಟಿನ ಪ್ರತಿ ಡಬ್ಬಿಯ ಮುಂದೆ, ಕಾರಣದ ಕಾಲಮಿನಲ್ಲಿ ನಮ್ರತಾ 'ಸಂಸ್ಥಾಪಕರ ನಿಷ್ಕಾಳಜಿ' ಎಂದು ತುಂಬುತ್ತ ಬಂದಳು.

"ನಮ್ಮ ಕಾಕಾಗ ತಗೀಲಿಕ್ಕೆ ಬರ್ತಿತ್ತು, ಜ್ವಾಕಿ ಮಾಡ್ಲಿಕ್ಕೆ ಬರ್ತಿದ್ದಿಲ್ಲ ನೋಡ್ರಿ," ಎನ್ನುವಳು.

ಮೂರು ತಿಂಗಳು ಈ ಮಾತು ಕೇಳಿ ಕೇಳಿ ಗುರುಸಂಗಪ್ಪ ಹಣ್ಣಾಗಿದ್ದರು. ಬೆನ್ನಿನ ದಣಿವು ಮಲಗಿದರೆ ಹೋಗುತ್ತದೆ, ಇದು ಹೋಗುತ್ತಿರಲಿಲ್ಲ. ಎರೆಭೂತವೊಂದು ಉಳಿದರೆ ಸಾಕು, ಡಾಕ್ಟರ ಹೆಸರು ಅದರಿಂದಲೇ ಉಳಿದೀತು, ಬಾಯಿ ಬಿಡುವ ಪ್ರಸಂಗವೇ ಬರದು ಎಂದುಕೊಂಡು ಆ ಡಬ್ಬಿಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಇದನ್ನು ಹೇಡಿತನ ಎಂದು ನಾನು ಅನ್ನಲಾರೆ. ನಾನಾಗಿದ್ದರೆ ಡಬ್ಬಿಯನ್ನೇ ಬಾವಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದೆ.

ಹೋದ ಗುರುವಾರ ಅದನ್ನು ತೆರೆದರು. ಮೂಸುವ ಅಗತ್ಯವೇ ಬೀಳಲಿಲ್ಲ. ಸುರುಳಿ ಹಳೆಯ ಬೆಲ್ಲದಂತೆ ಒಂದೇ ಗಟ್ಟಿಯಾಗಿತ್ತು. ಉಗುರು ತಾಗಿಸಿದರೆ ಪುಡಿ ಉದುರಿತು. ಕೆಂಪು ಗೀಟು ಎಳೆದರು. ನಮ್ರತಾ ರಿಜಿಸ್ಟರು ತೆರೆದು ಅದೇ ಎರಡು ಶಬ್ದ ಬರೆಯತೊಡಗಿದಳು.

"ಬಾಯಾರ, ಅದನ್ನ ಬರೀಬ್ಯಾಡ್ರಿ. ಹಗೇವಿನ್ಯಾಗ ಇಡಸಿದಾಂವ ನಾನು. ಡಾಕ್ಟರು ಗಾಳಿ ಬೇಕಂದಿದ್ರು. ನಾನ ಕೇಳಲಿಲ್ಲ."

ನಿಧಾನವಾಗಿ ಎಲ್ಲವನ್ನೂ ಹೇಳಿದರು. ನಮ್ರತಾಳ ಮುಖ ಕೆಂಪಾಯಿತು.

"ಇಷ್ಟು ದಿನಾ ನಾನು ಕಾಕಾನ್ನ ಬೈಕೋತ ಕೂತೆ. ನೀವು ಕೇಳ್ಕೋತ ಕೂತ್ರಿ?"

"ಹೌದ್ರಿ."

ಅವಳು ರಿಜಿಸ್ಟರನ್ನು ಅವರ ಮುಂದೆ ತಳ್ಳಿದಳು. "ಹಂಗಾರ ನೀವ ಬರೀರಿ."

ಕೆಂಪು ಗೀಟಿನ ಡಬ್ಬಿಗಳವು ನೂರಾ ಮೂವತ್ತೊಂದು ಸಾಲುಗಳಿದ್ದವು. ಮೊದಲನೆಯದರಿಂದ ಶುರು ಮಾಡಿ, ಸಂಸ್ಥಾಪಕರ ಹೆಸರಿನದನ್ನು ಹೊಡೆದುಹಾಕಿ, 'ಹಗೇವಿನಲ್ಲಿ ಇಡಿಸಿದ್ದು. ಗುರುಸಂಗಪ್ಪ, ಜಕ್ಕಲಿ' ಎಂದು ಬರೆಯುತ್ತ ಹೋದರು. ಮೂರನೆಯ ಪುಟ ತಿರುವುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹೋಯಿತು. ನಮ್ರತಾಳ ಸಿಟ್ಟು ಇಳಿದು ಸಂಕಟ ಶುರುವಾಗಿತ್ತು. ಚಹಾ ತಂದಿಟ್ಟಳು, ಅದು ಆರಿತು.

"ಸಾಕ್ರಿ. ಕೆಳಗ 'ಮೇಲಿನಂತೆ' ಅಂತ ಒಂದ್ ಗೀಟು ಎಳೀರಿ, ಅವರಿಗೆ ತಿಳೀತದ."

ಗುರುಸಂಗಪ್ಪ ತಲೆ ಎತ್ತಲಿಲ್ಲ.

"ಹಂಗ ಬರಂಗಿಲ್ರಿ. ಇದು ತ್ವಾಳಾ. ಇದು ನರಿ. ಇದು ಮರೀಗಿ ಹಾಲು ಕುಡಸು ಚಿಗರಿ. ಒಂದೊಂದೂ ಬ್ಯಾರೆ ಬ್ಯಾರೆ ಜೀವಾ ಇದ್ವುರಿ," ಎಂದು ಮುಂದಿನ ಸಾಲನ್ನು ಹೊಡೆದರು.