ಮೂರನೆಯ ಬೆರಳು

ಮಂಗಲಾ ಯಾರ ಮಾತನ್ನೂ ಕೇಳಿದವಳಲ್ಲ. ಮಿರ್ಜಾನದ ಶಾಲೆಯಲ್ಲಿ ಹದಿನಾರು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದಾಳೆ. ಸಾರಿಗೆ ಇನ್ನೊಂದು ಕೊಡ ನೀರು ಹೊಯ್ಯಿ ಎಂದ ಹೆಡ್‌ಮಾಸ್ತರರ ಕೈಗೆ ಸೌಟು ಕೊಟ್ಟು, "ನೀವೇ ಹೊಯ್ದು ನೀವೇ ಉಣ್ಣಿ" ಎಂದವಳು. ಹುಟ್ಟುಗುಣ ಸುಟ್ಟರೂ ಹೋಗದಂತೆ. ಹೋಗುವುದೂ ಬೇಡ, ಆ ಗುಣವೇ ಅವಳನ್ನು ಉಳಿಸಿತು.

ಸುಟ್ಟದ್ದು ಬಾಯಿ. ಸಾರಿನ ರುಚಿ ನೋಡಲು ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡರೂ ಉರಿಗೆ ಕಣ್ಣಲ್ಲಿ ನೀರು. ಉಪ್ಪು ಹೆಚ್ಚಾಯಿತೆಂದು ಮಕ್ಕಳು ತಟ್ಟೆ ಸರಿಸಿದ ದಿನ ಅವಳಿಗೆ ನಿಜಕ್ಕೂ ಭಯವಾಯಿತು. ರುಚಿ ನೋಡಲಾಗದವಳನ್ನು ಅಡುಗೆಗೆ ಯಾರು ಇಟ್ಟುಕೊಳ್ಳುತ್ತಾರೆ?

ಕುಮಟೆಯ ಆಸ್ಪತ್ರೆಯಲ್ಲಿ "ತಂಬಾಕು ಉಂಟಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲವೆಂದಳು. ಸುಳ್ಳು ಹೇಳಿದ್ದಲ್ಲ. ತಂಬಾಕು ಎಂದರೆ ಬೀಡಿ ಸೇದುವವರದ್ದು. ತಾನು ಹಾಕುವುದು ಕವಳ. ಎಲೆ, ಅಡಿಕೆ, ಸುಣ್ಣ, ಜೊತೆಗೊಂದು ಚೂರು ಹೊಗೆಸೊಪ್ಪು. ಅಜ್ಜಿ ಹಾಕಿದ್ದು, ಅತ್ತೆ ಹಾಕಿದ್ದು, ಬಂದ ನೆಂಟರಿಗೆ ಕೊಡುವಂಥದ್ದು ಚಟ ಹೇಗಾದೀತು? ಆ "ಇಲ್ಲ"ದಿಂದಾಗಿ ಎಂಟು ತಿಂಗಳು ಮುಲಾಮು ಹಚ್ಚುವುದರಲ್ಲೇ ಹೋಯಿತು.

ಮೂರನೇ ಸಲ, ಅದೇ ಆಸ್ಪತ್ರೆಯ ತಂಬಾಕು ಬಿಡಿಸುವ ಕೋಣೆಯಲ್ಲಿ ಸಲಹೆ ಕೊಡುವ ವಂದನಾ ಅವಳ ಕೆಂಪು ಹಲ್ಲು ನೋಡಿ ಬೇರೆಯೇ ಕೇಳಿದಳು.

"ಅಕ್ಕ, ಕವಳ ಹಾಕ್ತ್ರಾ?"

"ಹಾಕದೇ ಎಂತ? ದಿನಕ್ಕೆ ಹತ್ತು."

ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲು ವಂದನಾ ಹೇಳಿದಳು. ಸರಿಯಿರುವ ಬಾಯಿಗೆ ಮೂರೂ ಹೋಗಬೇಕು; ಅವಳಿಗೆ ಎರಡೇ ಹೋದವು. ಕವಳ ಬಿಡದಿದ್ದರೆ ಮುಂದೆ ಒಂದೇ ಹೋದೀತು, ಕ್ಯಾನ್ಸರೂ ಬಂದೀತು ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದಳು.

"ಬಿಡು ಅಂತ ನಂಗೆ ಯಾರೂ ಹೇಳೂದು ಬೇಡ. ನಾ ಯಾರ ಮಾತೂ ಕೇಳುವಳಲ್ಲ!"

"ಹೌದಾ? ಬೆಳಿಗ್ಗೆ ಎದ್ದಕೂಡ್ಲೆ ಕವಳದ ಸಂಚಿ ಹುಡುಕ್ಸೂದು ಯಾರು? ಒಂದು ಚೂರು ಹೊಗೆಸೊಪ್ಪಿನ ಮಾತು ಕೇಳ್ತ್ರಲ್ಲ, ಅಕ್ಕ."

ಮಿರ್ಜಾನದವರೆಗೂ ಬಸ್ಸಿನಲ್ಲಿ ಮಂಗಲಾ ಕುದಿಯುತ್ತಲೇ ಬಂದಳು. ಮನೆಗೆ ಬಂದವಳೇ ಸಂಚಿಯನ್ನು ಒಲೆಗೆ ಹಾಕಿದಳು.

ಮೊದಲ ವಾರ ತಲೆ ಸಿಡಿಯಿತು, ಮನೆಯವರಿಗೆಲ್ಲ ಬೈಗುಳದ ಸುರಿಮಳೆ. ಆಸೆ ಐದು ನಿಮಿಷ ಕಾಡಿ ತನ್ನಷ್ಟಕ್ಕೆ ಹೋಗುತ್ತದೆ ಎಂದಿದ್ದಳು ವಂದನಾ. ಆ ಐದು ನಿಮಿಷ ಮಂಗಲಾ ಶಾಲೆಯ ಪಾತ್ರೆ ತಿಕ್ಕಿದಳು. ಅವು ಹಿಂದೆಂದೂ ಅಷ್ಟು ಹೊಳೆದಿರಲಿಲ್ಲ. ಸೋಮವಾರ ಸೋಮವಾರ ಕುಮಟೆಗೆ ಹೋಗಿ ವಂದನಾಳೊಡನೆ ಜಗಳವಾಡಿ, ಇನ್ನೊಂದು ವಾರಕ್ಕೆ ಬೇಕಾದಷ್ಟು ಹಟ ತುಂಬಿಕೊಂಡು ಬರುತ್ತಿದ್ದಳು.

ಏಳನೇ ವಾರ ಮಗಳು ಪ್ರಣಿತಾಳ ಮದುವೆ ಮಾತುಕತೆ. ಮಾತು ಕೂಡಿ ಬಂದಮೇಲೆ ಎರಡೂ ಕಡೆಯವರು ಒಂದೇ ಹರಿವಾಣದಿಂದ ಕವಳ ಹಾಕುವುದು ಅವರಲ್ಲಿ ಪದ್ಧತಿ. ಗಂಡಿನ ದೊಡ್ಡಪ್ಪ ದಿನಕರ ಹರಿವಾಣವನ್ನು ಮಂಗಲಾಳ ಮುಂದೆ ನೂಕಿದರು. ಅವಳು ಕೈ ಚಾಚಲಿಲ್ಲ.

"ಒಂದು ಕವಳಕ್ಕೆ ಎಂತ ಆತದೆ? ಹಾಕಿಲ್ಲ ಅಂದ್ರೆ ಸಂಬಂಧ ಬೇಡ ಅಂದಾಂಗಾತು."

ಪ್ರಣಿತಾ ತಾಯಿಯ ಮುಖ ನೋಡಿದಳು. ಮಂಗಲಾ ಹರಿವಾಣವನ್ನು ಹಿಂದಕ್ಕೆ ಸರಿಸಿದಳು.

"ಸಂಬಂಧ ಬೇಕು. ಕವಳ ಬೇಡ." ಎಲ್ಲರೆದುರೇ ಬಾಯಿ ತೆರೆದು ಎರಡು ಬೆರಳು ಇಟ್ಟು ತೋರಿಸಿದಳು. "ಮೂರನೇದು ಹೋತಿಲ್ಲ. ತಂಬಾಕು ಬಿಡಿಸೂ ಕೋಣೇಲಿ ಹೀಂಗೇ ನೋಡ್ತ್ರು. ನಿಮ್ದು ಹೋತದ್ಯಾ ನೋಡಿ."

ದಿನಕರ ಗಹಗಹಿಸಿ ನಕ್ಕು ಬೆರಳು ಜೋಡಿಸಿದರು. ಎರಡಕ್ಕೇ ತಡೆಯಿತು. ಮತ್ತೊಮ್ಮೆ ನೋಡಿದರು. ಆಮೇಲೆ ತಾವು ಕಟ್ಟಿಟ್ಟಿದ್ದ ಕವಳವನ್ನು ಹರಿವಾಣಕ್ಕೆ ವಾಪಸ್ ಇಟ್ಟು, ದನಿ ತಗ್ಗಿಸಿ ಕೇಳಿದರು: "ಆ ಕೋಣೆ ಎಲ್ಲದೆ?"

"ಸೋಮವಾರ ನನ್ ಸಂಗ್ತಿಗೇ ಬನ್ನಿ, ಭಾವ. ತಂಬಾಕು ಉಂಟಾ ಕೇಳ್ತ್ರು. ಇಲ್ಲ ಅನ್ಬೇಡಿ, ಕವಳ ಅನ್ನಿ."