ಖಾಲಿ ಸೈಟು ಮತ್ತು ನನ್ನ ಮೂರು ಅರ್ಜಿಗಳು

ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಸಹಕಾರನಗರದ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ನಿಮ್ಮ ಚಾರಿತ್ರ್ಯದ ಬಗ್ಗೆ ನಿಮಗೇ ತಿಳಿಯದ ಎಷ್ಟೋ ಸಂಗತಿಗಳು ಎದುರಿಗೆ ಬಂದವರ ಕಣ್ಣಿನಲ್ಲಿ ಗೋಚರಿಸುತ್ತವೆ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರು ಸರಕ್ಕನೆ ಒಳಗೆ ಹೋಗುತ್ತಾರೆ. ಇಸ್ತ್ರಿ ಅಂಗಡಿಯ ರಾಜಣ್ಣ ಪೆಟ್ಟಿಗೆಯ ಕೆಂಡ ಕೆದಕುತ್ತಾ "ಏನ್ ಸಾರ್, ಸಿಐಡಿ ಡ್ಯೂಟಿನಾ?" ಎಂದು ದಿನವೂ ವಿಚಾರಿಸುತ್ತಾನೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ ನನಗೆ ಕೊಟ್ಟ ಉಡುಗೊರೆ ಅದು. ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಬೋಧಿಸಿದವನಿಗೆ ದುರ್ಬೀನು ಏತಕ್ಕೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಿಡಗಳು ಹಾರಿಹೋಗುವುದಿಲ್ಲವೆಂಬ ಸಂಗತಿ ಇಬ್ಬರಿಗೂ ತಿಳಿದೇ ಇತ್ತು.

ಆ ದುರ್ಬೀನಿನ ಮಹಿಮೆಯಿಂದಲೇ ನಾನು ಬಡಾವಣೆಯ ಅಧಿಕೃತ ನಿಸರ್ಗತಜ್ಞನಾದೆ. ಬೇಸಿಗೆ ರಜೆ ಶುರುವಾಗುತ್ತಲೇ ಸಂಘದ ಕಾರ್ಯದರ್ಶಿ ವೆಂಕಟೇಶಪ್ಪನವರು ಮನೆಗೇ ಬಂದರು. "ಸಾರ್, ಭಾನುವಾರ ಬೆಳಗ್ಗೆ ಮಕ್ಳನ್ನ ಕರ್ಕೊಂಡೋಗಿ ಗಿಡ, ಮರ, ಹಕ್ಕಿ ಎಲ್ಲಾ ತೋರ್ಸಿ. ನಿಮ್ಗೂ ಟೈಮ್ ಪಾಸ್ ಆಗುತ್ತೆ." ಕೊನೆಯ ಮಾತು ನನ್ನ ಪಾಂಡಿತ್ಯಕ್ಕೆ ತಕ್ಕುದಾಗಿರಲಿಲ್ಲ, ಆದರೂ ಒಪ್ಪಿಕೊಂಡೆ. ನನ್ನ ಹೆಂಡತಿ ಮಾತ್ರ "ಕಾಲೇಜಲ್ಲಿ ಮಾಡ್ದಂಗೆ ಪಾಠ ಮಾಡ್ಬೇಡಿ. ಮಕ್ಳು ಮಲ್ಕೊಳ್ಳೋಕೆ ಪಾರ್ಕಲ್ಲಿ ಅಷ್ಟು ಬೆಂಚಿಲ್ಲ" ಎಂದು ಎಚ್ಚರಿಸಿದಳು. ಹೆಬ್ಬಾಳದ ಕೆರೆಗೇ ಕರೆದೊಯ್ಯಬಹುದಿತ್ತು. ಮೇಲ್ಸೇತುವೆಯ ಟ್ರಾಫಿಕ್ಕು ದಾಟುವಷ್ಟರಲ್ಲಿ ಮಕ್ಕಳು ಹೈಸ್ಕೂಲಿಗೆ ಬಂದುಬಿಟ್ಟಾರೆಂಬ ಭಯದಿಂದ ನಮ್ಮ ಪಾರ್ಕೇ ನಿಶ್ಚಯವಾಯಿತು.

ಬಂದವರು ಎಂಟು ಮಂದಿ. ಎಲ್ಲರೂ ಆರೇಳು ವರ್ಷದವರು. ಹೊಂಗೆಯ ನೆರಳಿನಲ್ಲಿ ಕೂರಿಸಿ, ಗಂಟಲು ಸರಿಪಡಿಸಿಕೊಂಡು, ಆವಾಸಸ್ಥಾನವೆಂದರೇನು, ಆಹಾರ ಸರಪಳಿಯೆಂದರೇನು ಎಂದು ಸವಿಸ್ತಾರವಾಗಿ ಆರಂಭಿಸಿದೆ. ಉದಾಹರಣೆಗೆ ಒಂದು ಇರುವೆಯಾದರೂ ಸಿಕ್ಕೀತೇ ಎಂದು ಕಣ್ಣಾಡಿಸಿದರೆ, ವಾರವಾರವೂ ಔಷಧಿ ಹೊಡೆಸಿಕೊಂಡ ನಮ್ಮ ಹುಲ್ಲುಹಾಸು ಶಸ್ತ್ರಚಿಕಿತ್ಸೆಯ ಕೊಠಡಿಯಷ್ಟು ಶುಚಿಯಾಗಿತ್ತು. ಇದ್ದ ಏಕೈಕ ಪ್ರಾಣಿಯೆಂದರೆ ಬಾಯಿ ತೆರೆದು ನಿಂತ ಸಿಮೆಂಟಿನ ಪೆಂಗ್ವಿನ್, ಅಂದರೆ ಕಸದ ತೊಟ್ಟಿ. "ತಾತ, ಅದು ಏನ್ ತಿನ್ನುತ್ತೆ?" ಎಂದು ಒಬ್ಬ ಕೇಳಿದ. "ಚಿಪ್ಸ್ ಪ್ಯಾಕೆಟ್ ಕಣೋ" ಎಂದು ಇನ್ನೊಬ್ಬ ನನಗಿಂತ ಮೊದಲೇ ಉತ್ತರಿಸಿದ. ಸರಪಳಿ ಅಲ್ಲಿಗೇ ತುಂಡಾಯಿತು.

ನಾನು ಟಿಪ್ಪಣಿಯ ಹಾಳೆ ಮಗುಚುವಷ್ಟರಲ್ಲಿ ಶಿಷ್ಯವೃಂದ ಮಾಯವಾಗಿತ್ತು. ಬೇಲಿಯ ಕಿಂಡಿಯಲ್ಲಿ ನುಸುಳಿ ಎಂಟೂ ಜನ ಪಕ್ಕದ ಖಾಲಿ ಸೈಟಿನಲ್ಲಿದ್ದರು. ಎಕ್ಕ, ಹರಳು, ಪಾರ್ಥೇನಿಯಂ, ಯಾರದೋ ಮನೆ ಕೆಡವಿದ ಜಲ್ಲಿ, ಒಂದು ಒಡೆದ ಕಮೋಡು, ಇವು ಆ ಸೈಟಿನ ಸಂಪತ್ತು. ಬಯ್ಯಲು ಹೋದವನು ಬಾಯಿ ಮುಚ್ಚಿಕೊಳ್ಳಬೇಕಾಯಿತು. ಎಕ್ಕದ ಎಲೆಯ ಮೇಲೆ ಪಟ್ಟೆಪಟ್ಟೆಯ ಕಂಬಳಿಹುಳು ಮೇಯುತ್ತಿತ್ತು. ಕಮೋಡಿನೊಳಗೆ ಕಪ್ಪೆಯೊಂದು ರಾಜಗಾಂಭೀರ್ಯದಿಂದ ಆಸೀನವಾಗಿತ್ತು. ನನ್ನ ದುರ್ಬೀನನ್ನು ಕಿತ್ತುಕೊಂಡು ಹಿಂದುಮುಂದು ಮಾಡಿ, ಅದರ ಸಣ್ಣ ಗಾಜನ್ನು ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದ ಪೋರನೊಬ್ಬ ಅದರಲ್ಲಿ ಇರುವೆಯನ್ನು ಹುಂಜದಷ್ಟು ದೊಡ್ಡದಾಗಿ ಕಾಣುತ್ತಿದ್ದ. ಹೀಗೂ ಉಪಯೋಗವಿದೆಯೆಂದು ನನಗೆ ಆವತ್ತೇ ಗೊತ್ತಾದದ್ದು.

ಅಷ್ಟರಲ್ಲಿ ಭಾಗ್ಯ ಕಿರುಚಿದಳು. ಆರು ವರ್ಷದ ಹುಡುಗಿ. ಗದಗಿನ ಕಡೆಯಿಂದ ಬಂದು ಯಲಹಂಕದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವವರ ಮಗಳು. "ಅಜ್ಜಾ, ಕಾಲ ಹತ್ರ ತತ್ತಿ ಅದಾವ ನೋಡ್ರಿ, ತುಳೀಬ್ಯಾಡ್ರಿ!" ಎತ್ತಿದ ಪಾದವನ್ನು ಗಾಳಿಯಲ್ಲೇ ಹಿಡಿದು ಬಗ್ಗಿ ನೋಡಿದೆ. ಜಲ್ಲಿಯ ನಡುವೆ ಜಲ್ಲಿಯದೇ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆಗಳು! ತಲೆಯ ಮೇಲೆ ಟಿಟ್ಟಿಭ ಹಕ್ಕಿ ಪ್ರಾಣ ಹೋಗುವಂತೆ ಅರಚುತ್ತಾ ಸುತ್ತುಹಾಕುತ್ತಿತ್ತು. ಗೂಡು ಕಟ್ಟದೆ ನೆಲದ ಮೇಲೇ ಮೊಟ್ಟೆಯಿಡುವ ಅದರ ಸ್ವಭಾವವನ್ನು ಹೆಮ್ಮೆಯಿಂದ ವಿವರಿಸಿದೆ. "ಮರಿ ಯಾವಾಗ ಬರ್ತಾವ್ರಿ?" ಎಂದಳು ಭಾಗ್ಯ. ಇನ್ನೂ ಒಂದೆರಡು ವಾರ ಬೇಕು ಎನ್ನಲು ಹೊರಟವನಿಗೆ ತಟ್ಟನೆ ಸೋಮವಾರದ ನೆನಪಾಯಿತು.

ಓದುಗರಲ್ಲಿ ಇಲ್ಲಿ ಒಂದು ತಪ್ಪೊಪ್ಪಿಗೆ. ಆ ಸೈಟಿನ ಬಗ್ಗೆ ನಾನು ಸಂಘಕ್ಕೆ ಮೂರು ಅರ್ಜಿ ಬರೆದಿದ್ದೆ. "ಸದರಿ ನಿವೇಶನವು ಕ್ಷುದ್ರಜಂತುಗಳ ಆವಾಸಸ್ಥಾನವಾಗಿ ಪರಿಣಮಿಸಿದ್ದು, ಸಮೂಲವಾಗಿ ನಿರ್ಮೂಲನಗೊಳಿಸಬೇಕಾಗಿ ವಿನಂತಿ" ಎಂಬುದು ಮೂರನೆಯದರ ಸಾರ. ಅರ್ಧ ಗಂಟೆಯ ಹಿಂದೆ ಪಾರ್ಕಿನಲ್ಲಿ ಯಾವ ಪದವನ್ನು ಮಕ್ಕಳಿಂದ ಮೂರು ಸಲ ಹೇಳಿಸಿದ್ದೆನೋ ಅದೇ 'ಆವಾಸಸ್ಥಾನ', ಅದೇ ಅರ್ಥದಲ್ಲಿ. ಅರ್ಜಿ ಮಂಜೂರಾಗಿ, ಸೋಮವಾರ ಬೆಳಗ್ಗೆ ಏಳಕ್ಕೆ ಜೆಸಿಬಿ ಬರುವುದಿತ್ತು.

ಪಂಚೆ ಎತ್ತಿಕಟ್ಟಿ ವೆಂಕಟೇಶಪ್ಪನವರ ಮನೆಗೆ ಓಡಿದೆ. ಹಿಂದೆ ಎಂಟು ಮಕ್ಕಳು. ವಿಷಯ ಕೇಳಿ ಅವರು ಹಣೆ ಚಚ್ಚಿಕೊಂಡರು. "ಸಾರ್, ಮೂರ್ ಲೆಟರ್ ಬರ್ದಿದ್ದು ನೀವೇ ಅಲ್ವಾ? ನಿಮ್ ಕಾಟ ತಡೀಲಾರ್ದೆ ಓನರ್ ಹತ್ರ ಜಗಳ ಆಡಿ ಒಪ್ಸಿದೀನಿ. ಈಗ ಹಕ್ಕಿ ಅಂತೀರಲ್ಲ! ಆಗಲ್ಲ ಬಿಡಿ."

ಬಾಗಿಲಲ್ಲಿದ್ದ ಮಕ್ಕಳೆಲ್ಲ ನನ್ನತ್ತ ತಿರುಗಿದರು. "ಅಜ್ಜಾ, ನೀವ ಬರದೀರೇನ್ರಿ?" ಎಂದಳು ಭಾಗ್ಯ. "ಹೌದಮ್ಮ" ಎಂದೆ. "ಅಲ್ಲಿ ಹಕ್ಕಿ ಇರ್ತಾವಂತ ಗೊತ್ತಿರಲಿಲ್ಲೇನು?" "ಇಲ್ಲ." "ಮತ್ತ ನೀವು ಮಾಸ್ತರು ಅಂದ್ರಲ್ಲ?" ಜೀವಮಾನದಲ್ಲಿ ಎಷ್ಟೋ ಮೌಖಿಕ ಪರೀಕ್ಷೆಗಳನ್ನು ನಡೆಸಿದ್ದೇನೆ, ಒಂದರಲ್ಲಿ ಫೇಲಾದದ್ದು ಇದೇ ಮೊದಲು. ನನಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

ಸೋಮವಾರ ಆರೂವರೆಗೇ ನಾವು ಒಂಬತ್ತು ಜನ ಸೈಟಿನ ಮುಂದೆ ಸಾಲಾಗಿ ನಿಂತಿದ್ದೆವು. ಜೀವವೈವಿಧ್ಯದ ಮೇಲೆ ಒಂದು ಭಾಷಣವನ್ನು ನಾನು ಉರುಹೊಡೆದುಕೊಂಡು ಬಂದಿದ್ದೆ. ಜೆಸಿಬಿ ಬಂತು. ಡ್ರೈವರು ಮುನಿರಾಜು, ಹುಣಸಮಾರನಹಳ್ಳಿಯವನು, ಐವತ್ತು ದಾಟಿದ ಆಸಾಮಿ. ನಾನು "ನೋಡಪ್ಪಾ" ಎನ್ನುವಷ್ಟರಲ್ಲಿ ಅವನು ಇಂಜಿನ್ ಆರಿಸಿ ನನ್ನನ್ನು ಬಿಟ್ಟು ಆಕಾಶದಲ್ಲಿ ಅರಚುತ್ತಿದ್ದ ಹಕ್ಕಿಯನ್ನು ನೋಡಿದ. "ಮೊಟ್ಟೆ ಎಲ್ಲೈತೆ ಸಾ?"

ಭಾಗ್ಯ ಬೆರಳು ತೋರಿಸಿದಳು. "ನಮ್ಮಪ್ಪ ಒಲ ಉಳೋವಾಗ ಈ ಅಕ್ಕಿ ಕೂಗುದ್ರೆ ನೇಗ್ಲು ಎತ್ಕಂಡು ಸುತ್ತಾಕ್ಕಂಡ್ ಓಗೋನು. ಇಂಗೇ ಒಂದ್ ತುಂಡು ನೆಲ ಬುಡೋದು" ಎಂದು ಮುನಿರಾಜು ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡಿಸಿದ. ಆಮೇಲೆ ಮೊಟ್ಟೆಗಳ ಸುತ್ತ ಕುಕ್ಕರುಗಾಲಿನಲ್ಲಿ ಕೂತು ಕಾವಲು ಕಾಯಲು ಸಿದ್ಧರಾದ ನಮ್ಮನ್ನು ನೋಡಿ ಗದರಿದ: "ಏ, ದೂರ ಓಗ್ರಿ ಎಲ್ಲಾರೂ! ನೀವ್ ಇಂಗೆ ಕೂತಿದ್ರೆ ಅದು ಬಂದು ಕೂರಕ್ಕಿಲ್ಲ. ಸಾ, ನೀವೂನೂವೆ." ಪ್ರೀತಿಯಿಂದ ಹತ್ತಿರ ಹೋಗುವುದನ್ನಷ್ಟೇ ನಾನು ಕಲಿಸಲು ಹೊರಟಿದ್ದೆ; ಪ್ರೀತಿಯಿಂದ ದೂರ ಸರಿಯುವ ಪಾಠ ನನ್ನ ಟಿಪ್ಪಣಿಯಲ್ಲಿರಲಿಲ್ಲ. ಮುನಿರಾಜು ಸುತ್ತಲಿನ ಅಂಚನ್ನು ಮಾತ್ರ ಸವರಿ, ನಡುವೆ ನಮ್ಮ ನಡುಮನೆಯಷ್ಟು ಜಾಗವನ್ನು ಎಕ್ಕದ ಸಮೇತ ಬಿಟ್ಟು ಹೊರಟುಹೋದ. "ಏನ್ ಸಾರ್ ಇದು, ಅರ್ಧ ಕ್ಷೌರ ಮಾಡ್ದಂಗಿದೆ" ಎಂದರು ವೆಂಕಟೇಶಪ್ಪ. ಆದರೂ ಎರಡನೇ ಸಲ ಗಾಡಿ ಕರೆಸಲಿಲ್ಲ.

ನಾನು ನಾಲ್ಕನೆಯ ಅರ್ಜಿ ಬರೆದೆ. ಭಾಗ್ಯ ಹೇಳಿದಳು, ನಾನು ಒಂದಕ್ಷರ ತಿದ್ದದೆ ಬರೆದು ಬೇಲಿಗೆ ಕಟ್ಟಿದೆ: "ಹಕ್ಕಿ ತತ್ತಿ ಇಟ್ಟಾವ. ಒಳಗ ಬರಬ್ಯಾಡ್ರಿ. ನಾವೂ ಬರಂಗಿಲ್ಲ."

ಅಂದಿನಿಂದ ನಮ್ಮ ನಿಸರ್ಗ ಪಾಠಶಾಲೆ ರಸ್ತೆಯ ಈಚೆಗೆ, ರಾಜಣ್ಣನ ಇಸ್ತ್ರಿ ಅಂಗಡಿಯ ಜಗಲಿಗೆ ಸ್ಥಳಾಂತರಗೊಂಡಿತು. ಎರಡು ವಾರ ಕಳೆದು ಒಂದು ಬೆಳಗ್ಗೆ, ದುರ್ಬೀನು ಹಿಡಿದಿದ್ದ ಭಾಗ್ಯ "ಮರಿ ಓಡಾಕತ್ತಾವ!" ಎಂದು ಕೂಗಿದಳು. ಎಲ್ಲರೂ ದುರ್ಬೀನಿಗೆ ಮುಗಿಬಿದ್ದರು. ನಾನೂ ಕೈಚಾಚಿದೆ. "ಅಜ್ಜಾ, ಮೂರು ಅರ್ಜಿ ಬರದೀರಲ್ಲ, ನೀವು ಕಡೀಕ" ಎಂದು ಆಕೆ ತೀರ್ಪಿತ್ತಳು. ಮೇಲ್ಮನವಿಗೆ ಅವಕಾಶವಿರಲಿಲ್ಲ, ಸಾಲಿನ ತುದಿಗೆ ಹೋಗಿ ನಿಂತೆ.

ರಾಜಣ್ಣ ಕೆಂಡ ಕೆದಕುತ್ತಾ ನನ್ನ ಬರಿಗೊರಳನ್ನು ನೋಡಿದ. "ಏನ್ ಸಾರ್, ಇವತ್ತು ಡ್ಯೂಟಿ ಇಲ್ವಾ?"

"ಇದೆಯಪ್ಪ" ಎಂದೆ. "ಇನ್ನೂ ನನ್ ಸರದಿ ಬಂದಿಲ್ಲ."