ಭಾವನ ಕೈಯಲ್ಲಿ ಬ್ರೇಕಿನ ಲಿವರ್

ಆ ಭಾನುವಾರ ಬೆಳಿಗ್ಗೆ ಭಾವನ ಹೊಸ ಹೋಟೆಲಿನ ಹಿತ್ತಲಲ್ಲಿ ನಾವು ನಾಲ್ವರಿದ್ದೆವು. ನಾನು, ಭಾವ, ತೆಂಗಿನಕಾಯಿ ತುರಿಯುತ್ತ ಕೂತ ಅಕ್ಕ, ಸಾಂಬಾರಿನ ಹಂಡೆಯನ್ನು ಒಲೆಗೇರಿಸಿ ಬಾಗಿಲಲ್ಲಿ ಬಂದು ನಿಂತ ಅಡುಗೆ ಭಟ್ಟರು. ನಡುವೆ ನಾಲ್ಕು ದಪ್ಪ ಚಕ್ರಗಳ ಕ್ವಾಡ್ ಬೈಕು. ವಡೋದರಾ ದಾಟಿ ಸೂರತ್ತಿಗೆ ಹೋಗುವ ಹೆದ್ದಾರಿಯಲ್ಲಿ ದೋಸೆ ಹೊಯ್ಯುವವರಿಗೆ ಬರಗಾಲವಿಲ್ಲ. ತಮ್ಮಲ್ಲಿ ತಿಂದವರಿಗೆ ಪಕ್ಕದ ಬಯಲಲ್ಲಿ ಒಂದು ಸುತ್ತು ಸವಾರಿಯೂ ಸಿಗಲಿ ಎಂದು ಭಾವ ಅದನ್ನು ಅಹಮದಾಬಾದಿನಿಂದ ಹಳೆಯದೇ ತರಿಸಿದ್ದರು. ಸಂಜೆ ನಾಲ್ಕಕ್ಕೆ ಹೋಟೆಲಿನ ಉದ್ಘಾಟನೆ. ಬ್ರೇಕು ಮಾತ್ರ ಹಿಡಿಯುತ್ತಿರಲಿಲ್ಲ. ಮೆಕ್ಯಾನಿಕ್ ರಜೆಯಲ್ಲಿದ್ದ. ಆಗ ಭಾವನಿಗೆ ನನ್ನ ನೆನಪಾಯಿತು.

ನಾನೂ ಅವರನ್ನು ಮರೆತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಸೂರತ್ತಿನಲ್ಲಿ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ನನಗೆ ಮೆಚ್ಚುಗೆಯಾಗಿದ್ದಳು. ಅವಳೂ ಎರಡು ಸಲ ತಲೆಯೆತ್ತಿ ನೋಡಿದ್ದಳು. "ಹುಡುಗ ಎಂತ ಮಾಡ್ತಾನೆ?" ಎಂದು ಅವಳ ತಂದೆ ಕೇಳಿದರು. ವಡೋದರಾದ ಮಕರಪುರದಲ್ಲಿ ಕಾರ್ಖಾನೆಯೊಂದರ ಯಂತ್ರಗಳೆಲ್ಲ ನನ್ನ ಉಸ್ತುವಾರಿಯಲ್ಲಿದ್ದವು. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಅಂದರು: "ಎಂತ ಮಾಡುದು? ಯಾರದೋ ಮೆಷಿನಿಗೆ ಗ್ರೀಸ್ ಹಚ್ತಾನೆ. ಎರಡು ಹೊತ್ತಿನ ಊಟ ನಮ್ಮಲ್ಲೇ!" ಎಲ್ಲರೂ ನಕ್ಕರು. ಹುಡುಗಿ ಮತ್ತೆ ತಲೆಯೆತ್ತಲಿಲ್ಲ. ಆ ಮನೆಯಿಂದ ಫೋನೂ ಬರಲಿಲ್ಲ.

"ಪೈಪಿನೊಳಗೆ ಗಾಳಿ ಸೇರಿದೆ ಭಾವ. ತೆಗೀಲಿಕ್ಕೆ ಇಬ್ಬರು ಬೇಕು. ಮೇಲೆ ಕೂತ್ಕೊಳ್ಳಿ," ಅಂದೆ.

ಉದ್ಘಾಟನೆಗೆಂದು ಆಗಲೇ ಉಟ್ಟಿದ್ದ ಬಿಳಿ ಪಂಚೆಯನ್ನು ಮೇಲೆ ಕಟ್ಟಿ ಭಾವ ಹತ್ತಿ ಕೂತರು. ಕೆಲಸ ಸಣ್ಣದು. ಅವರು ಬಲಗೈಯ ಲಿವರನ್ನು ಒತ್ತಿ ಹಿಡಿಯಬೇಕು. ನಾನು ಚಕ್ರದ ಹತ್ತಿರದ ಸಣ್ಣ ಸ್ಕ್ರೂ ಸಡಿಲಿಸಬೇಕು. ಎಣ್ಣೆಯ ಜೊತೆ ಗುಳ್ಳೆಗಳು ಪ್ಲಾಸ್ಟಿಕ್ ನಳಿಗೆಯಲ್ಲಿ ಹೊರಬರುತ್ತವೆ. ನಾನು ಸ್ಕ್ರೂ ಬಿಗಿದ ಮೇಲೆಯೇ ಅವರು ಕೈ ಬಿಡಬೇಕು. ಮೊದಲೇ ಬಿಟ್ಟರೆ ಬಂದ ಗಾಳಿ ತಿರುಗಿ ಒಳಗೆ ಹೋಗುತ್ತದೆ.

"ಹಿಡೀರಿ." ಹಿಡಿದರು. "ಬಿಡಿ." ಬಿಟ್ಟರು. ಹೀಗೆ ಇಪ್ಪತ್ತು ಸಲವಾದರೂ ಆಗಿರಬೇಕು. ಹೋಟೆಲಿನಲ್ಲಿ ಎಲ್ಲರಿಗೂ ಹುಕುಂ ಕೊಡುವ ಮನುಷ್ಯ ನನ್ನ ಮಾತಿಗೆ ಕೈ ಆಡಿಸುತ್ತಿದ್ದುದನ್ನು ನೋಡಿ ಭಟ್ಟರು ನಗು ತಡೆಯಲು ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ನನಗೂ ಒಳಗೊಳಗೇ ಹಿತವಾಗುತ್ತಿತ್ತು. ಆದರೆ ಅಷ್ಟು ಸಾಲದು ಅನ್ನಿಸಿತು.

ಮುಂದಿನ ಸಲ ಸ್ಕ್ರೂ ಸಡಿಲಿಸಿದವನು ಬಿಗಿಯಲಿಲ್ಲ. ಸ್ಪ್ಯಾನರ್ ಕೆಳಗಿಟ್ಟೆ.

"ಎಂತ ಮಾರಾಯ, ಬಿಡ್ಲಾ?"

"ಬಿಡ್ಬೇಡಿ. ಬಿಟ್ರೆ ಮೊದಲಿಂದ ಶುರು."

"ಹಾಗಾದ್ರೆ ಬಿಗಿ!"

"ಗ್ರೀಸ್ ಹಚ್ಚುವವನಿಗೆ ಸ್ಕ್ರೂ ಬಿಗಿಲಿಕ್ಕೆ ಬರ್ತದಾ ಭಾವ?"

ತುರಿಯುವ ಸದ್ದು ನಿಂತಿತು. ಭಾವನ ಮುಖ ಕೆಂಪಾಯಿತು. ಹಟಕ್ಕೆ ಬಿದ್ದವರಂತೆ ಲಿವರನ್ನು ಟಪ್ಪನೆ ಬಿಟ್ಟರು. ಗುಳ್ಳೆಗಳು ಸಾಲಾಗಿ ಒಳಗೆ ಹಿಂದಿರುಗಿದವು. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಸ್ಪ್ಯಾನರ್ ಕೆಳಗಿಟ್ಟೆ. ಆ ಹೊತ್ತಿಗೆ ಗಂಟೆ ಒಂದು ದಾಟಿತ್ತು. ಭಾವ ಲಿವರು ಬಿಡದೆ ಗಡಿಯಾರ ನೋಡಿದರು.

"ಈಗ ಎಂತ ಬೇಕು ನಿಂಗೆ?"

"ಎಡಗೈ ಖಾಲಿ ಉಂಟಲ್ಲ. ಸೂರತ್ತಿಗೆ ಫೋನ್ ಮಾಡಿ. ಅವತ್ತು ಹೇಳಿದ್ದು ತಪ್ಪು ಅಂತ ಹೇಳಿ. ಸ್ಪೀಕರಿನಲ್ಲಿ."

"ನಿಂಗೆ ತಲೆ ಸರಿ ಉಂಟಾ?" ಎಂದು ಅಕ್ಕನ ಕಡೆ ತಿರುಗಿದರು. "ನಿನ್ನ ತಮ್ಮನಿಗೆ ಸ್ವಲ್ಪ ಹೇಳು ಮಾರಾಯ್ತಿ!"

"ಫೋನ್ ಮಾಡಿ ಸರಿ ಮಾಡಿ ಅಂತ ಅವತ್ತೇ ನಿಮಗೆ ಹೇಳಿದ್ದೆ, ನೀವು ಕೇಳಿದ್ರಾ?" ಅಂದಳು ಅಕ್ಕ. ಎದ್ದು ಬಂದು ಅವರ ಜೇಬಿನಿಂದ ಫೋನ್ ತೆಗೆದು ಎಡಗೈಗೆ ಕೊಟ್ಟಳು.

ಭಾವ ಫೋನ್ ಮಾಡಿದರು. ಹಾಳು ಹಟವಾದಿಯಾದರೂ ಹೇಳುವಾಗ ಪೂರ್ತಿ ಹೇಳಿದರು. ಹುಡುಗ ಇಡೀ ಕಾರ್ಖಾನೆ ನೋಡಿಕೊಳ್ಳುತ್ತಾನೆ, ತಾನು ತಮಾಷೆಗೆ ಅಂದದ್ದು, ತನ್ನ ಬಾಯಿ ಸರಿ ಇಲ್ಲ ಎಂದರು. ಕೊನೆಯ ಮಾತಿಗೆ ಭಟ್ಟರು ತಲೆಯಾಡಿಸಿದರು.

"ನೀವು ಇದನ್ನು ಆಗಲೇ ಹೇಳ್ಬೇಕಿತ್ತು. ಹುಡುಗಿ ಎರಡು ಸಲ ನಿಮ್ಮ ಹುಡುಗನ ವಿಷಯ ಕೇಳಿದ್ಲು. ಈಗ ಬೇರೆ ಕಡೆ ನಿಶ್ಚಯ ಆಯ್ತಲ್ಲ. ಮದುವೆಗೆ ಎಲ್ಲರೂ ಬನ್ನಿ," ಅಂದರು ಆ ಕಡೆಯಿಂದ ಹುಡುಗಿಯ ತಂದೆ.

ನಾನು ಸ್ಪ್ಯಾನರ್ ಎತ್ತಿ ಸ್ಕ್ರೂ ಬಿಗಿದೆ. "ಬಿಡಿ," ಅಂದೆ. ಭಾವ ತಕ್ಷಣ ಬಿಡಲಿಲ್ಲ.

ಸಂಜೆ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಮುಂದಿನ ತಿಂಗಳು ಭಾವನೂ ನಾನೂ ಬೆಳಗಿನ ರೈಲಿನಲ್ಲಿ ಸೂರತ್ತಿಗೆ ಹೋಗಿ, ಮದುವೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಊಟ ಮಾಡಿ ಬಂದೆವು.